ಯಲೋವಾದ ಬಾಟ್ಲಿ

“ಖಾಲಾ, ಬಿಸಿನೀರಿನ ಬುಗ್ಗೆಗೆ ಯಾವ ದಾರಿ?” ಲೋಲಾಕ್ಷಿ ಕಾರಿನ ಗಾಜಿಳಿಸಿ ತನ್ನ ಹರಕು ಅರಬಿಯಲ್ಲಿ ಕೇಳಿದಳು.

ಒಮಾನಿನ ರುಸ್ತಾಕ್ ಊರಿನ ಹೊರಗೆಲ್ಲೋ ದಾರಿ ತಪ್ಪಿತ್ತು. ಸಂಜೆಯ ಮಗ್ರಿಬ್ ಬಾಂಗು ಮುಗಿದು ಕತ್ತಲು ಇಳಿಯುತ್ತಿತ್ತು. ಫೋನಿನ ಮ್ಯಾಪು ಇದ್ದಲ್ಲೇ ಸುತ್ತುತ್ತಿತ್ತು. ಖರ್ಜೂರದ ತೋಟ, ಒಂದು ಪಾಳು ಬಾವಿ... ಕಟ್ಟೆಯ ಮೇಲೆ ಕಪ್ಪು ಅಬಾಯಾ ತೊಟ್ಟ ಹೆಂಗಸು. ಮುಖ ಆ ಕಡೆ. ಮೊಣಕಾಲು ನೀವಿಕೊಳ್ಳುತ್ತಿದ್ದಳು. ನೀವಿದಾಗೆಲ್ಲ ಒಂದು ಸದ್ದು. ಕಟಕ್... ಕಟಕ್...

ಆ ಸದ್ದು ಲೋಲಾಕ್ಷಿಗೆ ಗೊತ್ತಿತ್ತು.

ಲೋಲಾಕ್ಷಿ ನನ್ನ ಚಿಕ್ಕಮ್ಮನ ಮಗಳು. ಮಸ್ಕತ್ತಿನ ಹಮ್ರಿಯಾದ ಫ್ಲ್ಯಾಟಿನಲ್ಲಿ ಅವಳ ಜೊತೆಗಿದ್ದವಳು ಮಂಗಳೂರಿನ ಹೇಝಲ್. ಮೆಟ್ಟಿಲು ಹತ್ತಿದರೆ ಹೇಝಲಳ ಮೊಣಕಾಲು ಹೀಗೇ ಕಟಕ್ ಎನ್ನುತ್ತಿತ್ತು. ಟರ್ಕಿಯ ಕಡಲತಡಿಯಲ್ಲಿ ಯಲೋವಾ ಅಂತ ಊರಿದೆ, ಅಲ್ಲಿಯ ಬಿಸಿನೀರಿನ ಬುಗ್ಗೆಗೆ ಇಳಿದರೆ ಕಾಲುನೋವು ಓಡಿಹೋಗುತ್ತದೆ ಅಂತ ಇಬ್ಬರ ತಲೆಗೆ ತುಂಬಿದವಳು ನಾನೇ. ನಾಲ್ಕು ದೇಶ ಸುತ್ತಿದವಳ ಮಾತನ್ನು ಜನ ನಂಬುತ್ತಾರೆ, ಪಾಪ. ಹೊರಡುವ ವಾರ ಹೇಝಲಳ ರಜೆ ರದ್ದಾಯಿತು.

“ನಿಮ್ಮವರು ಕಾಶಿಯಿಂದ ಗಂಗೆ ತರುವುದಿಲ್ವಾ? ಹಾಗೆ ನನಗೊಂದು ಬಾಟ್ಲಿ ತಾ ಮಾರಾಯ್ತಿ,” ಅಂದಳು.

ಒಬ್ಬಳೇ ಹೋದ ಲೋಲಾಕ್ಷಿ ತುಂಬಿಸಿದ್ದು ಹೌದು. ಆದರೆ ತೀರ್ಥದಂಥ ನೀರು, ಚಪ್ಪಲಿ ಇರುವ ಸೂಟ್‌ಕೇಸಿಗೆ ಹಾಕುವುದುಂಟೇ? ಕೈಚೀಲದಲ್ಲಿಟ್ಟಳು. ಇಸ್ತಾಂಬುಲಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಬಾಟ್ಲಿ ಕಿತ್ತು ಕಸದ ಡಬ್ಬಿಗೆ ಎಸೆದರು.

ಬರಿಗೈಯಲ್ಲಿ ಹೇಗೆ ಮುಖ ತೋರಿಸುವುದು? ಜೂನ್ ತಿಂಗಳು. ತಾರಸಿಯ ಟ್ಯಾಂಕಿ ಕಾದು, ಮಸ್ಕತ್ತಿನಲ್ಲಿ ಯಾವ ನಲ್ಲಿ ತಿರುಗಿಸಿದರೂ ಯಲೋವಾವೇ. ಅಡುಗೆಮನೆಯ ನಲ್ಲಿಯಿಂದ ಇನ್ನೊಂದು ಬಾಟ್ಲಿ ತುಂಬಿಸಿ ಕೊಟ್ಟಳು.

ಹೇಝಲ್ ದಿನಾ ಹಚ್ಚಿಕೊಂಡಳು. “ನೋವು ಅರ್ಧ ಹೋಗಿದೆ ಗೊತ್ತುಂಟಾ! ಇನ್ನು ಸ್ಕ್ಯಾನೂ ಬೇಡ ಗೀನೂ ಬೇಡ.”

ಕೊನೆಗೆ ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಮೂಳೆಯ ಕ್ಯಾನ್ಸರ್ ಗಡ್ಡೆ ಶ್ವಾಸಕೋಶಕ್ಕೆ ಹಬ್ಬಿತ್ತು. ಸಾಯುವ ಹಿಂದಿನ ದಿನವೂ ಹೇಝಲ್ ಅವಳ ಕೈ ಹಿಡಿದು, ಆ ನೀರಿಗೆ ಥ್ಯಾಂಕ್ಸ್ ಅಂದಳಂತೆ.

ವರ್ಷದೊಳಗೆ ಮೊಣಕಾಲು ನೋವು ಲೋಲಾಕ್ಷಿಗೆ ಬಂತು. ರುಸ್ತಾಕಿನ ಬುಗ್ಗೆಗೆ ಹೊರಟದ್ದು ಅದಕ್ಕೇ.

ಕಟಕ್... ಹೆಂಗಸು ತಿರುಗಲಿಲ್ಲ. ಪಿಸುಗುಟ್ಟಿದಳು. ಕನ್ನಡದಲ್ಲಿ.

“ಅಷ್ಟು ದೂರ ಯಾಕೆ ಮಾರಾಯ್ತಿ? ನಿನ್ನ ನಲ್ಲಿಯಲ್ಲೇ ಬರ್ತದಲ್ಲ...”

“ಹೇ... ಹೇಝಲ್?”

“ನನ್ನ ಬಾಟ್ಲಿ ಎಲ್ಲಿ?”

ಕಾರು ಹೇಗೆ ತಿರುಗಿಸಿದಳೋ, ಹಮ್ರಿಯಾ ಹೇಗೆ ಮುಟ್ಟಿದಳೋ. ಆ ರಾತ್ರಿಯೇ ನನಗೆ ಫೋನು. ನಲ್ಲಿಯ ವಿಷಯ ಬಾಯಿಬಿಟ್ಟದ್ದೂ ಆಗಲೇ. ಕೊನೆಗೆ ಒಂದೇ ಮಾತು: “ಅಕ್ಕ, ಯಲೋವಾಕ್ಕೆ ಟಿಕೆಟ್ ಮಾಡು.”

ಈ ಸಲ ನಾನೂ ಹೋದೆ. ಬಾಟ್ಲಿಯನ್ನು ಸೂಟ್‌ಕೇಸಿನಲ್ಲಿ, ಚಪ್ಪಲಿಗಳ ನಡುವೆಯೇ ತಂದೆವು. ಹೇಝಲಳ ಗೋರಿ ಇರುವುದು ಮಂಗಳೂರಿನಲ್ಲಿ. ಆದರೆ ಅವಳು ಬಾಟ್ಲಿ ಕೇಳಿದ್ದು ರುಸ್ತಾಕಿನ ಬಾವಿಕಟ್ಟೆಯಲ್ಲಿ. ಮಟಮಟ ಮಧ್ಯಾಹ್ನ ಆ ಬಾವಿ ಹುಡುಕಿಕೊಂಡು ಹೋದೆವು. ನಾನು ಸುಲಭಕ್ಕೆ ನಂಬುವವಳಲ್ಲ. ಮೊದಲು ಒಂದು ಕಲ್ಲು ಹಾಕಿ ನೋಡಿದೆ. ಠಣ್... ಒಣ ಬಾವಿ.

“ನಿನ್ನದು ನಿನಗೆ, ಹೇಝಲ್,” ಅಂದು ಲೋಲಾಕ್ಷಿ ಬಾಟ್ಲಿ ಬಗ್ಗಿಸಿದಳು. ಗಳಗಳಗಳ... ಪೂರ್ತಿ ಒಂದು ಲೀಟರು.

ಕೆಳಗೆ ಬಿದ್ದ ಸದ್ದು ಬರಲಿಲ್ಲ.

ನಗಬೇಡಿ. ನಾನು ಪಕ್ಕದಲ್ಲೇ ಇದ್ದೆ... ಕೊನೆಯ ಹನಿಯವರೆಗೂ ಬಗ್ಗಿ, ಕಿವಿಗೊಟ್ಟು ನಿಂತಿದ್ದೆ.