ಚಿಕ್ಕಪ್ಪನ ಟಗರು

…ಹೊಸ್ತಿಲದಾಗ ನಿಂದ್ರಬ್ಯಾಡೋ ಹುಲುಗಪ್ಪಾ! ಒಳಗ ಬಾ, ಒಳಗ! ಎದುರುಮನಿ ದ್ಯಾಮಕ್ಕ ನೋಡಿದ್ಲಂದ್ರ ಒಂದು ತಾಸಿನಾಗ ಹೊಸಪ್ಯಾಟಿ ತುಂಬ ಗೊತ್ತಾಗತೈತಿ. ಹಾಂ, ಹಂಗ. ಬಾಗಲಾ ಅರ್ಧ ಮುಂದಕ್ಕ ಮಾಡು. ಕುಂದ್ರು.

ಏನು ನೋಡ್ತಿ? ಅತ್ತಿಗಿ ಮುದುಕಿ ಆದ್ಲು ಅಂತನಾ? ಎರಡು ಹಡದು, ನಿಮ್ಮಪ್ಪನ್ನ ನೋಡ್ಕೊಂಡು, ಈ ಒಲಿ ಹೊಗಿ ಕುಡದ್ರ ನಿನ್ನ ನಾಟಕದ ಕಂಪನಿ ರಾಣಿನೂ ಹಿಂಗ ಆಗ್ತಿದ್ಲು. ನಗಬ್ಯಾಡ… ನಗಲಿಲ್ಲೇನು? ಮೊದಲಾಗಿದ್ರ ನಗ್ತಿದ್ದಿ. ಮನಿ ಮಾಳಗಿ ಹಾರಿಹೋಗೋ ಹಂಗ ನಗ್ತಿದ್ದಿ.

ಕಾಲು ತುಂಬ ಕೆಂಪು ಮಣ್ಣು. ಗೋರಿಗಳ ಕಡಿ ಹೋಗಿದ್ಯಾ? ಅವ್ವನ ಗೋರಿ ಸಿಕ್ತಾ? ಬೇವಿನ ಗಿಡದ ಬುಡಕ ಐತಲ್ಲ, ಅದ. ಸಿಲುಬಿ ನಿಮ್ಮಣ್ಣ ತಾವ ಕಟ್ಟಿಗಿ ಕೊರದು ಮಾಡ್ಯಾರ. ಅತ್ತಿ ಹೋದ ಸುಗ್ಗ್ಯಾಗ ಹ್ವಾದ್ರಪಾ. ಸುಖವಾಗಿ ಹ್ವಾದ್ರು, ನಿದ್ದಿ ಹತ್ತಿದಂಗ. ಯಾರ ಹೆಸರೂ ಹಿಡೀಲಿಲ್ಲ.

ಇಲ್ಲೋ. ಯಾರ ಹೆಸರೂ ಹಿಡೀಲಿಲ್ಲ ಅಂದ್ನೆಲ್ಲ.

ತಗೊ, ರೊಟ್ಟಿ ಬಿಸಿ ಅದಾವ. ಪುಂಡಿಪಲ್ಲೆ ಐತಿ, ಮಜ್ಜಿಗಿ ಐತಿ. ಜಲ್ದಿ ಉಣ್ಣು. ಒಂದರ ಗಾಡಿಗೆ ಹೊಳ್ಳಿ ಹೋಗ್ತಿಯಲ್ಲ, ಬಳ್ಳಾರಿ ಕಡಿ ಗಾಡಿಗೆ? ಹೂಂ ಅಂದ್ಯಾ? ತಲಿ ಅಲ್ಲಾಡ್ಸಿದಿ ಅನ್ಕೊಂಡೆ. ಛಲೋ ಆತು. ಐತವಾರ ಪ್ರಾರ್ಥನಿ ಹೊತ್ತು ನೋಡಿ ಬಂದಿ ನೋಡು, ಶ್ಯಾಣ್ಯಾ ನೀ. ಮಾವಾರು ಮೊಮ್ಮಗಳು ರೂತಿ ಕೈ ಹಿಡ್ಕೊಂಡು ಗುಡಿಗೆ ಹೋಗ್ಯಾರ. ತೊಟ್ಲಾಗಿನ ಕೂಸಿಗೆ ಮೈ ಬೆಚ್ಚಗ ಐತಿ ಅಂತ ನಾ ಉಳಕೊಂಡೆ. ಪ್ರಾರ್ಥನಿ ಮುಗದ ಕೂಡ್ಲೆ ಗಂಟಿ ಹೊಡಿತಾರ, ಗೊತ್ತಲ್ಲ? ಗಂಟಿ ಕೇಳಿದ ಮ್ಯಾಲೆ ಅವರು ಈ ಓಣಿಗೆ ಬರಾಕ ಎಷ್ಟೊತ್ತು? ಅಷ್ಟರಾಗ ನೀ ಹಿತ್ತಲ ಬಾಗಲದಿಂದ ಕಾಲವಿ ದಾಟಿ ಟೇಶನ್ನಿಗೆ ಹೋಗಿರಬೇಕು.

ಯಾಕಂದ್ರ… ಯಾಕಂದ್ರ ಏನೋ? ಮಾವಾರು ನಿನ್ನ ಮರತಾರಪಾ. ಸಿಟ್ಟು ಇತ್ತು, ಸಿಟ್ಟೂ ಆರಿ ಹೋತು. ಈಗ ಅವರ ಬಾಯಾಗ ನಿನ್ನ ಹೆಸರು ಬರಂಗಿಲ್ಲ. ಪಾದ್ರಿಗಳು ನಿನಗ ಸಿಲ್ವಾನ ಅಂತ ಹೆಸರಿಟ್ಟಿದ್ರೂ ಹುಲುಗ, ಹುಲುಗ ಅಂತ ಜೀವ ಬಿಡತಿದ್ರಲ್ಲ, ಆ ಹುಲುಗ ಅನ್ನೋ ಮಾತು ಈ ಮನ್ಯಾಗ ಕೇಳಿ ನಾಕು ವರ್ಷ ಆತು. ಕಣ್ಣಿಗೆ ಪೊರಿ ಬಂದೈತಿ. ನೀ ಎದುರು ನಿಂತ್ರೂ ಬೆಳಕೋ ಮನಿಷ್ಯಾನೋ ಗೊತ್ತಾಗಂಗಿಲ್ಲ. ಮುಪ್ಪಿನಾಗ ಅವರ ಎದಿ ಯಾಕ ಕದಡ್ತಿ?

ಉಣ್ಣು ಅಂದೆ. ಒಂದು ತುತ್ತು ಮುರದು ಹಂಗ ಹಿಡ್ಕೊಂಡು ಕುಂತೀಯಲ್ಲ.

ಹಂಗ ನೋಡಬ್ಯಾಡ ನನ್ನ! ನಾ ಏನು ಕೆಟ್ಟ ಹೆಂಗಸಾ? ಹೇಳು. ನೀ ಆವತ್ತು ಗುಡ್ಯಾಗಿನ ಹಾರ್ಮೋನಿ ಪೆಟಗಿ ಎತ್ಕೊಂಡು ಕಂಪನಿ ಹಿಂದ ಓಡಿದೆಲ್ಲ, ಮರುದಿನ ಪಾದ್ರಿಗಳು ಮನಿಗೆ ಬಂದ್ರು. ನಿಮ್ಮಣ್ಣ ಏನಂದ್ರು ಗೊತ್ತಾ? "ನಾನ ಗುಡಿ ಬೀಗ ಹಾಕೋದು ಮರತಿದ್ದೆ, ನಂದ ತಪ್ಪು" ಅಂದ್ರು. ತಮ್ಮ ಕಳ್ಳ ಅನ್ನಲಿಲ್ಲ. ಆ ಮಾತಿಗೆ ಪಾದ್ರಿಗಳ ಸಾಲಿ ಮಾಸ್ತರಿಕಿ ಹೋತು. ಬಳಪ ಹಿಡಿಯೋ ಕೈ ಅವು! ಎರಡು ವರ್ಷ ಅಲ್ಲಿಲ್ಲಿ ಕೂಲಿ ಮಾಡಿ, ಈಗ ಸಂಡೂರು ಗುಡ್ಡದಾಗ ಅದಿರು ಹೊರ್ತಾವ. ತಿಂಗಳಿಗೊಮ್ಮಿ ಬರ್ತಾರ. ಕೂಸು ಅವರ ಮಾರಿ ನೋಡಿ ಹೆದರಿ ಅಳತೈತಿ, ಹುಬ್ಬಿನ ತನಕ ಕೆಂಪು ಧೂಳು. ತಲಿ ತೊಳದ್ರ ನೀರು ಕುಂಕುಮ ಕದಡಿದಂಗ ಹರೀತೈತಿ. ನೀ ಅಲ್ಲಿ ಬಣ್ಣಾ ಹಚ್ಕೊಂಡು ಕುಣಿತಿದ್ದಿ, ಇವರು ಇಲ್ಲಿ ಈ ಬಣ್ಣಾ ಹಚ್ಕೊಂಡ್ರು.

ಅಳಬ್ಯಾಡೋ. ಅಳಿಸಬೇಕಂತ ಹೇಳಲಿಲ್ಲ… ಹಾಂ, ಅಳಿಸಬೇಕಂತನ ಹೇಳಿದೆ. ಅಳು. ನಾ ಎಷ್ಟು ಅತ್ತೀನಿ.

ಆ ಅಪ್ಪ, ಇಬ್ಬರು ಮಕ್ಕಳ ಕಥಿ ಐತಲ್ಲ, ಯೇಸುಸ್ವಾಮಿ ಹೇಳಿದ್ದು. ಕಿರೇ ಮಗ ಮನಿ ಬಿಟ್ಟು ಹೋಗಿ, ಎಲ್ಲಾ ಕಳದು, ಹಂದಿ ಕಾಯ್ದು, ಹಸದು ಹೊಳ್ಳಿ ಬರ್ತಾನ. ಅಪ್ಪ ದೂರದಿಂದನ ನೋಡಿ ಓಡಿ ಹೋಗಿ ತೆಕ್ಕಿ ಬೀಳ್ತಾನ. ಕೊಬ್ಬಿದ ಕರ ಕೊಯ್ಸಿ ಊಟಾ ಹಾಕಿಸ್ತಾನ. ದುಡದು ದುಡದು ಬೆನ್ನು ಮುರಕೊಂಡ ಹಿರೇ ಮಗ ಹೊರಗ ಮಾರಿ ಉಬ್ಬಿಸ್ಕೊಂಡು ನಿಂತಿರ್ತಾನ. ವರ್ಷಾ ವರ್ಷಾ ಪಾದ್ರಿಗಳು ಅವನ್ನ ಬೈತಾರ. ನಾ ಕೇಳ್ತೀನಿ, ಆ ಹಿರೇ ಮಗನ ಹೆಂಡ್ತಿ ಎಲ್ಲಿದ್ಲು? ಆ ಊಟಕ್ಕ ಹಿಟ್ಟು ಬೀಸಿದಾಕಿ ಯಾರು? ಆ ಕರಕ್ಕ ನಾಕು ವರ್ಷ ಹುಲ್ಲು ಹಾಕಿ ಸಗಣಿ ಬಳದಾಕಿ ಯಾರು? ಕಥ್ಯಾಗ ಆಕಿ ಹೆಸರ ಇಲ್ಲ. ಒಲಿ ಮುಂದ ಇದ್ಲು, ಇನ್ನೆಲ್ಲಿರ್ತಾಳ!

ಏನು? ನಾಕು ವರ್ಷ ಅಂದ್ನಾ? ಬಾಯಿಗೆ ಬಂತು ಅಂದೆ. ಕಥ್ಯಾಗ ಎಷ್ಟು ವರ್ಷ ಅಂತ ಯಾರಿಗೆ ಗೊತ್ತು.

ಮಜ್ಜಿಗಿ ಕುಡಿ.

ಅತ್ತಾಗ ಏನು ನೋಡ್ತಿ? ಹಿತ್ತಲ್ದಾಗ ಏನೈತಿ? …ಅದಾ. ಅದು ಟಗರು. ಟಗರು ನೋಡಿಲ್ಲೇನು ನೀ? ಹೂಂ, ಕೋಡು ದೊಡ್ಡವು. ಹಾಯತೈತಿ, ಹತ್ತರ ಹೋಗಬ್ಯಾಡ. ಪೋಸ್ಟಿನ ಎರ್ರಿಯಪ್ಪನ ಮೂರು ಸಲ ಕೆಡವೈತಿ, ಈಗ ಅವ ಕಾಗದಾ ಬೇಲಿ ಹೊರಗಿಂದ ಒಗದು ಹೋಗ್ತಾನ.

ಯಾಕ ಕುಂಟತೈತಿ ಅಂತೀಯಾ? ಅದೊಂದು ಕಥಿ. ರೂತಿದು. ಗೊತ್ತಲ್ಲ, ಸಂಜಿಕ ದೀಪಾ ಹಚ್ಚಿ ಪ್ರಾರ್ಥನಿ ಆದ ಮ್ಯಾಲೆ ಮಾವಾರು ಎಲ್ಲಾರಿಗೂ ಕೇಳ್ತಾರ, "ಇವತ್ತು ಈ ಮನಿ ನಮಗ ಏನು ಕಲಿಸ್ತವ್ವಾ?" ಅಂತ. ನೀ ಇದ್ದಾಗನೂ ಕೇಳ್ತಿದ್ರು. ನೀ "ಸಾರಿಗೆ ಉಪ್ಪು ಹಾಕಬೇಕಂತ ಕಲಿಸ್ತು" ಅಂದು ಬೈಸ್ಕೊಂತಿದ್ದಿ. ನಾ ಆ ಕೆಲಸದಾಗ ಭಾಳ ಚುರುಕು. ಜರಡಿ ನೋಡಿ ಒಂದು ಪಾಠ ಹೇಳ್ತೀನಿ, ಹುಳಿ ಬಂದ ಹಿಟ್ಟು ನೋಡಿ ಒಂದು, ಎಣ್ಣಿ ತೀರಿದ ದೀಪ ನೋಡಿ ಒಂದು. ಮಾವಾರು ಪಾದ್ರಿಗಳ ಮುಂದ ಹೊಗಳತಾರ, "ನನ್ನ ಸೊಸಿಗೆ ದೇವರು ಒಲಿ ಮುಂದನ ಮಾತಾಡ್ತಾನ" ಅಂತ.

ರೂತಿ ಶುಕ್ರವಾರ ಮಜ್ಜಿಗಿ ಗಡಿಗಿ ಒಡದ್ಲು. ನಾ ಹೊಡಿತೀನಿ ಅಂತ ಹೆದರಿ ಬೋಕಿ ಚೂರು ಎಲ್ಲಾ ಟಗರಿನ ಹುಲ್ಲಾಗ ಮುಚ್ಚಿಟ್ಲು. ಟಗರು ತುಳೀತು. ಗೊರಸಿನ ಸಂದ್ಯಾಗ ಇಷ್ಟುದ್ದ ಹೋಗಿತ್ತು. ರಗತ ನೋಡಿ ಹುಡುಗಿ ಅಳಾಕ ಹತ್ತಿದ್ಲು ನೋಡು… ಆ ಸಂಜಿಕ ಮಾವಾರು ಕೇಳಿದ್ರು, ಮನಿ ಏನು ಕಲಿಸ್ತು ಅಂತ. ಆರು ವರ್ಷದ ಕೂಸು, ಏನಂದ್ಲು ಗೊತ್ತಾ? "ತಾತಾ, ನಾ ಮುಚ್ಚಿಟ್ಟದ್ದು ನನಗ ಚುಚ್ಚಲಿಲ್ಲ. ಪಾಪ, ಚಿಕ್ಕಪ್ಪನ ಟಗರಿಗೆ ಚುಚ್ಚಿತು" ಅಂದ್ಲು…

…

ಏನು?

ಏನಂದೆ ನಾ? ಟಗರು ಅಂದೆ. ಬರೇ ಟಗರು. …ಚಿಕ್ಕಪ್ಪನ ಟಗರು ಅಂದ್ನಾ? ಹುಡುಗರು ಹೆಸರಿಡ್ತಾರಪಾ, ಬಾಯಿಗೆ ಬಂದದ್ದು. ಊರಾಗ ಆಕಿಗೆ ಚಿಕ್ಕಪ್ಪಗಳು ಭಾಳ ಮಂದಿ ಅದಾರ. ಮೂಕಣ್ಣಗೂ ಚಿಕ್ಕಪ್ಪ ಅಂತಾಳ. ಕೊಟ್ರಯ್ಯಗೂ…

ಮಾತಾಡೋ! ಸುಮ್ಮನ ಕುಂತು ಕಣ್ಣಾಗ ಕೇಳಬ್ಯಾಡ! ರಂಗದ ಮ್ಯಾಲೆ ಅಷ್ಟೆಲ್ಲಾ ಮಾತು ಒದರ್ತಿದ್ದ್ಯಂತ, ಇಲ್ಲಿ ಏನಾತು ನಾಲಿಗಿಗೆ?

ಹೌದು. ಹೌದಪಾ, ನಿಂದ. ನೀ ಹೋದ ವರ್ಷ ಮಾವಾರು ಮರಿ ತಂದು ಕಟ್ಟಿದ್ರು. "ನನ್ನ ಹುಲುಗ ಬಂದ ದಿನ ಇದನ್ನ ಕೊಯ್ಯಬೇಕು" ಅಂದ್ರು. ಪ್ರತಿ ಕ್ರಿಸ್ಮಸ್ಸಿಗೂ ನಾ ಕೇಳ್ತೀನಿ, "ಈ ಸಲ ಕೊಯ್ಯೋಣ್ರಿ ಮಾವಾರ, ಹುಡುಗರು ಬಾಡು ಕಂಡಿಲ್ಲ" ಅಂತ. "ಇಲ್ಲವ್ವಾ, ಅವ ಬರಲಿ" ಅಂತಾರ. ನಾಕು ಕ್ರಿಸ್ಮಸ್ ಆತು. ಈಗ ಅದು ಮುದಿ ಟಗರು. ಕುದಸಾಕ ಎರಡು ದಿನ ಬೇಕು, ತಿನ್ನಾಕ ಹಲ್ಲಿರೋ ಮಂದಿ ಬೇಕು. ಕುರುಡು ಮುದುಕ ದಿನಾ ಅದರ ಬೆನ್ನ ಮ್ಯಾಲೆ ಕೈಯಾಡಿಸಿ ಎಷ್ಟು ಬೆಳದೈತಿ ನೋಡ್ತಾನ. ಮರತಾರ ಅಂದೆ ನಾ. ಸುಳ್ಳು ಹೇಳಿದೆ. ಆತಾ? ನಿನ್ನ ಗಾಡಿಗೆ ಹೊತ್ತಾಗತೈತಿ ಅಂತ ಹೇಳಿದೆ.

ಏನದು? ಅಂಗಿ ಒಳಗಿಂದ ಏನು ತಗದಿ?

ಅದನ್ನ ಯಾಕ ಇಟ್ಕೊಂಡಿ… ಎರಡು ವರ್ಷ ಎದಿ ಮ್ಯಾಲೆ ಇಟ್ಕೊಂಡು ತಿರಗ್ಯಾಡಿದ್ಯಾ? ಹರದು ಒಗೀಬೇಕಿಲ್ಲೇನೋ! ಅಂಥಾ ಕಾಗದಾ ಯಾರರ ಇಟ್ಕೊಂತಾರಾ?

ಬೆರಳು ತಗಿ. ಅದನ್ನ ತೋರಿಸಬ್ಯಾಡ. ನನಗ ಗೊತ್ತೈತಿ ಅಲ್ಲಿ ಏನೈತಂತ. ಹೆಬ್ಬೆಟ್ಟು. ನಡುವ ಕುಡುಗೋಲು ಗಾಯದ ಗೀರು. ಅದಕ್ಕ ಇಟ್ಕೊಂಡ್ಯಾ? ಅಪ್ಪನ ಬೆರಳು ಮೂಡೈತಿ ಅಂತ? ಬರಬ್ಯಾಡ ಅಂದ ಕಾಗದನೂ ಅಪ್ಪನ ಬೆರಳಿಗೋಸ್ಕರ…

ಅಕ್ಷರ ನಂದು. ಅದು ನಿನಗ ಮೊದಲ ಗೊತ್ತಿತ್ತು. ನಿನಗ ಪಾಟಿ ಮ್ಯಾಲೆ ಅ ಆ ತಿದ್ದಿಸಿದಾಕಿನೂ ನಾನ. ಮಾತು ಅಪ್ಪಂದು ಅಂತ ತಿಳಕೊಂಡಿದ್ದಿ. ಎರಡು ವರ್ಷ ಹಂಗ ತಿಳಕೊಂಡಿದ್ದಿ.

ಕೇಳು. ಗಂಟಿ ಆಗೋದ್ರಾಗ ಹೇಳಿ ಬಿಡ್ತೀನಿ. ನಿಮ್ಮಣ್ಣ ಮೊದಲ ಸಲ ಗುಡ್ಡದಿಂದ ಬಂದ ದಿನ ಅದು. ಅಂಗೈ ಹರದು ರಟ್ಟಾಗಿದ್ವು. ತುತ್ತು ಕಲಸಾಕ ಬರಲಿಲ್ಲ ಅವರಿಗೆ, ನಾ ಉಣಿಸಿದೆ. ಆವತ್ತ ಸಂಜಿಕ ಮಾವಾರು "ಹುಲುಗನ ಕಂಪನಿ ಗಂಗಾವತ್ಯಾಗ ಐತಂತ, ಕಾಗದಾ ಬರಿಯವ್ವಾ" ಅಂದ್ರು. ಹೇಳಿ ಬರಿಸಿದ್ರು. "ಪೆಟಗಿ ಹೋದ್ರ ಹೋಗ್ಲಿ. ಅವ್ವ ಹಾಸಿಗಿ ಹಿಡದಾಳ. ನಿನ್ನ ಬೈಯಂಗಿಲ್ಲ. ಬಾ ಮಗನ." ಇಷ್ಟ. ಹಿರೇ ಮಗನ ಕೈ ಬಗ್ಗಿ ಒಂದು ಮಾತಿಲ್ಲ ಅದರಾಗ. ನನ್ನ ಹೊಟ್ಟಿ ಉರೀತೋ. ಅವರು ಹೇಳಿದ್ದು ಬಿಟ್ಟು, "ಅಪ್ಪಗ ಇನ್ಮ್ಯಾಲೆ ಒಬ್ಬನ ಮಗ, ನಿನ್ನ ಮಾರಿ ತೋರಿಸಬ್ಯಾಡ" ಅಂತ ಬರದೆ. "ಬರದೇನ್ರಿ" ಅಂದೆ. "ಒಂದ್ಸಲ ಓದವ್ವಾ" ಅಂದ್ರು. ಓದಿದೆ. ಅವರು ಹೇಳಿದ್ದ ಓದಿದೆ, ಒಂದಕ್ಷರ ತಪ್ಪಲಾರದಂಗ. ಅವರು ಕಣ್ಣು ಒರಸ್ಕೊಂಡು ಕೈ ಚಾಚಿದ್ರು. ದೀಪದ ಕಾಡಿಗಿ ಅವರ ಹೆಬ್ಬೆಟ್ಟಿಗೆ ನಾನ ಹಚ್ಚಿದೆ, ನಾನ ಒತ್ತಿಸಿದೆ.

ಬೆರಳು ಮಾವಾರದು. ಮಾತು ನಂದು.

ಅವ್ವ… ಅವ್ವಂದೂ ಹೇಳ್ಲಾ? ನಿದ್ದಿ ಹತ್ತಿದಂಗ ಹೋಗಲಿಲ್ಲ. ಕಡೀಕ ಆರು ತಿಂಗಳು ಹಾಸಿಗಿ ಬಾಗಲ ಕಡಿ ತಿರಿಗಿಸಿ ಹಾಕಿಸ್ಕೊಂಡಿದ್ಲು. ನಾಯಿ ಬೊಗಳಿದ್ರ "ಹುಲುಗ ಬಂದ ನೋಡು" ಅಂತಿದ್ಲು. ನಾ ದಿನಾ ಎದ್ದು ಹೋಗಿ ನೋಡಿ ಬಂದು "ಯಾರೂ ಇಲ್ಲರಿ ಅತ್ತಿ" ಅಂತಿದ್ದೆ. ಯಾರೂ ಬರಂಗಿಲ್ಲ ಅಂತ ಗೊತ್ತಿದ್ದಾಕಿ ನಾ ಒಬ್ಬಾಕಿನ. ಆದ್ರೂ ಎದ್ದು ಹೋಗಿ ನೋಡ್ತಿದ್ದೆ…

ಬೈಯಿ. ಆ ತಟ್ಟಿ ತಗೊಂಡು ಒಗಿ ನನ್ನ ಮ್ಯಾಲೆ. ಏನರ ಮಾಡು!

ಗಂಟಿ.

ಕೇಳ್ತಾ? ಮುಗೀತು ಪ್ರಾರ್ಥನಿ. ಹುಲುಗಪ್ಪಾ, ಆ ಕಾಗದಾ ಒಲ್ಯಾಗ ಹಾಕು. ಕೈ ಮುಗಿತೀನಿ. ಕೆಂಡ ಐತಿ, ಈಗ ಸುಟ್ಟು ಹೋಗತೈತಿ. ನೀ ಇಲ್ಲೇ ಇರು, ಯಾರು ಬ್ಯಾಡಂದ್ರು, ಟಗರು ಕೊಯ್ಯೋಣ, ನಾನ ಕಾರ ಅರಿತೀನಿ, ಆದ್ರ ಅದೊಂದು… ಅವರಿಗೆ ಹೆಂಗೂ ಓದಾಕ ಬರಂಗಿಲ್ಲ. ನೀ ಹೇಳದಿದ್ರ ಆತು. ಹೇಳಂಗಿಲ್ಲಲ್ಲ? ಹೂಂ ಅನ್ನು. ಒಂದ್ಸಲ ಹೂಂ ಅನ್ನು.

ನನ್ನ ಕೈಗೆ ಯಾಕ ಕೊಡ್ತಿ? …ನೀ ಸುಡಂಗಿಲ್ಲ. ನನಗ ಬಿಟ್ಟಿ. ಹಂಗನಾ?

ಬಡಗಿ ಸಪ್ಪಳ. ಓಣಿ ತಿರಿವಿಗೆ ಬಂದ್ರು. ರೂತಿ ಒದರಾಕ ಹತ್ಯಾಳ, "ತಾತಾ, ನಮ್ಮ ಬಾಗಲ್ದಾಗ ಯಾರ್ದೋ ಕೆರ ಅದಾವ" ಅಂತ. ನಾ ಕೆರ ಒಳಗ ತಗೊಳ್ಳಾಕ ಮರತೆ ನೋಡು. ಎಲ್ಲಾ ಮುಚ್ಚಿಟ್ಟು ಅದನ್ನ ಮರತೆ… ಮಾವಾರು ಬಗ್ಗಿ ಮುಟ್ಟಿ ನೋಡ್ತಾರ. ಕೈಯಾಗ ಹಿಡ್ಕೊಂಡಾರ. ಅಪ್ಪ ಮಗ ಇಬ್ಬರೂ ಹಿಂಗ ಸುಮ್ಮನಿದ್ರ ನಾ ಏನು ಸಾಯಲೇನೋ!

ನೀ ಹೋಗು ಎದುರಿಗೆ. ಹೋಗೋ… ಇಲ್ಲ, ತಡಿ. ನಿಂದ್ರು. ನೀ ಮೊದಲ ಹೋದ್ರ ಅವರು ಅಳತಾರ, ನಗತಾರ, ಆ ಸಡಗರದಾಗ ಇದು ನನ್ನ ಸೆರಗಿನ ಗಂಟಿನಾಗನ ಉಳದು ಬಿಡತೈತಿ. ನನ್ನ ನಾ ಬಲ್ಲೆ.

ಮಾವಾರ… ಅಲ್ಲೇ ನಿಂದರ್ರಿ, ಕೆರ ಹಿಡ್ಕೊಂಡ ನಿಂದರ್ರಿ. ಸಂಜಿತನ ಕಾಯೋದು ಬ್ಯಾಡ, ಈಗ ಹೇಳ್ತೀನಿ, ಇವತ್ತು ಮನಿ ನನಗ ಏನು ಕಲಿಸ್ತು ಅಂತ. ಎರಡು ವರ್ಷದ ಹಿಂದ ನಿಮಗ ಒಂದು ಕಾಗದಾ ಓದಿ ತೋರಿಸಿದ್ದೆ ನೋಡ್ರಿ… ಅದನ್ನ ಇನ್ನೊಂದ್ಸಲ ಓದ್ತೀನ್ರಿ. ಈ ಸಲ ಬರದದ್ದ ಓದ್ತೀನಿ.