ತೇಪೆ ಹಾಕಿದ ಅಂಗಿ

ಮಳೆ ಮಧ್ಯಾಹ್ನದಿಂದಲೂ ಬಿಟ್ಟಿರಲಿಲ್ಲ. ಹೊಳೆದಂಡೆಯ ಹೊಲಿಗೆ ಶೆಡ್ಡಿನ ತಗಡಿನ ಮೇಲೆ ಅದು ಬಡಿಯುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ಹೊಸದಾಗಿ ಸೈನ್ಯಕ್ಕೆ ಸೇರಿದವರು, ತಮ್ಮನ್ನು ಯುದ್ಧ ನಡೆಯುವಲ್ಲಿಗೆ ಒಯ್ಯುವ ದೋಣಿಗಾಗಿ ಕಾಯುತ್ತ ಬಟ್ಟೆಯ ಮೂಟೆಗಳ ಮೇಲೆ ಕೂತಿದ್ದರು. ಸಂಜೆಯಷ್ಟೇ ಅವರಿಗೆ ಸಮವಸ್ತ್ರ ಹಂಚಿದ್ದರು. ಅವರಲ್ಲೊಬ್ಬ, ಮೊನ್ನೆ ಮೊನ್ನೆಯವರೆಗೆ ಬಡಗಿಯಾಗಿದ್ದವನು, ತನ್ನ ಅಂಗಿಯ ಎದೆಯ ಮೇಲಿದ್ದ ತೇಪೆಯನ್ನು ಎಳೆದು ತೋರಿಸುತ್ತ ಮೂಲೆಯ ಮಿಷನ್ನಿನ ಮುಂದೆ ಕೂತಿದ್ದ ಮುದುಕಿಯನ್ನು ಕೇಳಿದ:

“ಏನಜ್ಜಿ, ಹೊಸ ಅಂಗಿಗೆ ತೇಪೆ? ಇಲಿ ಕಡಿದಿತ್ತಾ?”

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಮಿಷನ್ನಿನ ಚಕ್ರವನ್ನು ಅಂಗೈಯಿಂದ ಹಿಡಿದು ನಿಲ್ಲಿಸಿದಳು.

“ಇಲಿಯಂತೆ ಇಲಿ! ಬಂದೂಕು ಹಿಡಿದ ಇಲಿ ಕಡೀತು ಅಂತ ತಿಳ್ಕೊ. ನಿಮಗೆ ಯಾರೂ ಹೇಳಿಲ್ಲ, ಅಲ್ವಾ? ಹೇಳ್ತಾರಾ? ಬಾಯಿಗೆ ಬೀಗ ಜಡ್ಕೊಂಡಿದ್ದಾರೆ, ಪಾಪಿಗಳು. ಹತ್ರ ಬನ್ನಿ, ನಾನು ಹೇಳ್ತೀನಿ...

“ಹಿಂದಿನ ಯುದ್ಧದಲ್ಲಿ, ನಾನಿನ್ನೂ ಗುಂಡಿ ಹಚ್ಚೋ ಕೆಲಸದಲ್ಲಿದ್ದಾಗ, ಈ ಮಿಷನ್ ಮೇಲೆ ನಮ್ಮಕ್ಕ ಕೂರ್ತಿದ್ಲು. ಎಲ್ಲರೂ ಅವಳನ್ನ ಗಂಟುಮುಖಿ ಅಂತ ಕರೀತಿದ್ರು. ನಗೋದಕ್ಕಾದ್ರೂ ಏನಿತ್ತು ಹೇಳಿ? ದೋಣಿ ಯುದ್ಧದ ಕಡೆಗೆ ಮೇಲಕ್ಕೆ ಹೋಗೋವಾಗ ಜನಾನ ಒಯ್ಯೋದು, ಕೆಳಕ್ಕೆ ಬರೋವಾಗ ಅಂಗಿ ತರೋದು... ಬರೀ ಅಂಗಿ. ಅದನ್ನ ಒಗೆದು, ತೂತಿಗೆ ತೇಪೆ ಹಾಕಿ, ಇಸ್ತ್ರಿ ಮಾಡಿ ಮತ್ತೆ ಮೇಲಕ್ಕೆ! ಒಂದು ಸಲ ಅಕ್ಕನಿಗೆ ತಡೀಲಿಲ್ಲ. ಎದೆ ಹತ್ರ ತೂತಿದ್ದ ಅಂಗಿ ಹೊಲಿದು, ಜೇಬಿಗೆ ಒಂದು ಚೀಟಿ ತುರುಕಿದ್ಲು: ‘ಈ ತೂತು ಹೊಲಿದೋಳು ನಾನು. ಇನ್ನೊಂದು ಮಾಡಿಸ್ಕೊಂಡು ಬರಬೇಡ.’

“ನೋಡಿ, ದೋಣಿಯವನ ಕೈಲಿ ಉತ್ತರ ಬಂತು! ಮುಖ ಪರಿಚಯ ಇಲ್ಲ, ಊರು ಗೊತ್ತಿಲ್ಲ, ಒಬ್ಬ ಸಿಪಾಯಿ, ದೋಣಿಯಲ್ಲೇ ಕೂತು ಬರೆದಿದ್ದ. ಅಕ್ಕ ನಂಗೆ ಓದಿ ಹೇಳಿದ್ಲು. ಎಂಜಿನ್ನು ನಮ್ಮಜ್ಜನ ಹಾಗೆ ಕೆಮ್ಮುತ್ತೆ, ಮೇಲೆ ಹೋದಷ್ಟೂ ಹೊಳೆ ಕಿರಿದಾಗ್ತಾ ಇದೆ, ದಡದ ಮನೆಗಳಿಗೆ ಚಾವಣಿ ಇಲ್ಲ, ಬಾಗಿಲು ಮಾತ್ರ ಚಿಲಕ ಹಾಕ್ಕೊಂಡು ನಿಂತಿವೆ, ಅಂತ. ಕೊನೆಗೆ ಕೇಳಿದ್ದ... ‘ಈ ಅಂಗಿ ಯಾರದಿತ್ತು?’ ಅಕ್ಕ ಏನಂತ ಹೇಳಾಳು? ನಮಗೆ ಹೆಸರು ಕಳಿಸ್ತಾರಾ? ಆದರೂ ಬರೆದ್ಲು. ಅವನೂ ಬರೆದ. ದೋಣಿ ಬಂದಾಗೆಲ್ಲ ಗಂಟುಮುಖಿ ಮುಖದಲ್ಲಿ ನಗು! ನಾವು ರೇಗಿಸಿದ್ರೆ ಕತ್ತರಿ ಎತ್ಕೊಂಡು ಬರೋಳು. ಅವನು ಜೀವಸಹಿತ ಇಳಿದು ಬರಬೇಕು, ಅವಳಿಗೆ ಅಷ್ಟೇ ಬೇಕಾಗಿತ್ತು. ಒಂದು ಕಾಗದ ಮಾತ್ರ ಅವನು ಸಿಟ್ಟಲ್ಲಿ ಬರೆದಿದ್ದ: ‘ನನ್ನ ಅಂಗಿ ಒಂದೇ ವಾಪಸ್ ಬಂದ್ರೆ ಹೊಲೀಬೇಡ. ತೂತು ಹಾಗೇ ಇರಲಿ. ಹಾಕ್ಕೊಳ್ಳೋನಿಗೆ ಕಾಣ್ಲಿ.’

“ಬಂತು... ಅಂಗಿ ಒಂದೇ ಬಂತು. ಅಕ್ಕನ ತೇಪೆ, ಅದರ ಪಕ್ಕಕ್ಕೇ ಇನ್ನೊಂದು ತೂತು.

“ಅಕ್ಕ ಅಳಲಿಲ್ಲ. ಹೊಲಿಯಲ್ಲ ಅಂದ್ಲು. ಶೆಡ್ಡಿನ ಮೇಸ್ತ್ರಿ, ಅವನ ಮನೆ ಹಾಳಾಗ, ಅಂಗಿ ಕಿತ್ಕೊಂಡು ಇನ್ನೊಬ್ಬಳ ಕೈಲಿ ಹೊಲಿಸಿ ಮೇಲಕ್ಕೆ ಕಳಿಸೇಬಿಟ್ಟ. ಮುಂದಿನ ದೋಣೀಲಿ ಏನು ಬಂತು ಅಂತೀರಿ? ಅದೇ ಅಂಗಿ, ಮತ್ತೆ ತೂತು. ಜೊತೆಗೆ ಒಂದು ಕಾಗದ. ಅವನದೇ ಅಕ್ಷರ, ಹಿಂಡಿದ್ರೆ ನೀರು ಸುರಿಯೋಷ್ಟು ಒದ್ದೆ. ‘ಹೊಲೀಬೇಡ ಅಂದಿದ್ದೆ. ನನ್ನ ಅಂಗಿ ಒಳಗೆ ಇನ್ನೊಬ್ಬನನ್ನ ಯಾಕೆ ಕಳಿಸಿದ್ರಿ? ಈಗ ಅವನೂ ನನ್ನ ಪಕ್ಕ ಕೂತು ಚಳಿಗೆ ನಡುಗ್ತಾ ಇದ್ದಾನೆ.’ ಯಾರು ಕೊಟ್ರು ಇದನ್ನ ಅಂತ ದೋಣಿಯವನನ್ನ ಕೇಳಿದ್ರೆ, ದೋಣಿ ನಿಲ್ಲೋ ಕೊನೇ ಕಟ್ಟೆ ಹತ್ರ ಒಬ್ಬ, ಬರಿಮೈಯಲ್ಲಿ, ಸೊಂಟದವರೆಗೆ ನೀರಲ್ಲಿ ನಿಂತಿದ್ದ ಅಂದ... ಅಂದವನು ಮತ್ತೆ ಆ ದೋಣಿ ಹತ್ತಲಿಲ್ಲ.

“ಅಕ್ಕ ಹತ್ತಿದ್ಲು! ತೇಪೆಗಳನ್ನೆಲ್ಲ ಹಲ್ಲಲ್ಲಿ ಕಿತ್ತು, ಆ ಅಂಗೀನ ತಾನೇ ತೊಟ್ಕೊಂಡು, ‘ಅವನದು ಅವನಿಗೆ ಕೊಟ್ಟು ಬರ್ತೀನಿ, ಇನ್ನು ಮೇಲೆ ಯಾರ ಮೈಗೂ ಇದು ಬೀಳಬಾರದು’ ಅಂತ ಹೋದ್ಲು. ದೋಣಿ ಬಂತು, ಅವಳು ಬರಲಿಲ್ಲ. ಅಂಗೀನೂ ಬರಲಿಲ್ಲ.

“ನಂಗೆ ಸಿಟ್ಟು ಇಳಿದಿಲ್ಲ ಕಣ್ರೋ, ಈ ವಯಸ್ಸಿಗೂ ಇಳಿದಿಲ್ಲ. ಆ ಮೇಸ್ತ್ರಿ ಸನ್ಮಾನ ಮಾಡಿಸ್ಕೊಂಡು ಮೆತ್ತನೆ ಹಾಸಿಗೆ ಮೇಲೆ ಸತ್ತ. ಯುದ್ಧ ಬೇಕು, ಬೇಕು ಅಂತ ಕೂಗಿದೋರ ಅಂಗಿ ಒಂದಾದ್ರೂ ಈ ಮಿಷನ್ನಿಗೆ ಬಂತಾ? ನಾನು ಯಾಕಿನ್ನೂ ಇಲ್ಲಿ ಕೂತಿದ್ದೀನಿ ಅಂತೀರಾ? ನಿಮಗೆ ಯಾರಾದ್ರೂ ಹೇಳಬೇಕಲ್ಲ... ಜೇಬು ನೋಡ್ಕೊಳ್ಳಿ.”

ಹೊರಗೆ ದೋಣಿ ಸಿಳ್ಳೆ ಹಾಕಿತು. ಬಡಗಿ ನಗುತ್ತಲೇ ಜೇಬಿಗೆ ಕೈ ಹಾಕಿದ. ಬೆರಳಿಗೆ ಒದ್ದೆ ಕಾಗದ ತಗುಲಿತು.

“ಹೆದರಿಸೋಕೆ ನೀವೇ ಇಟ್ರಾ, ಅಜ್ಜಿ?”

“ನಂಗೆ ಅಕ್ಷರ ಬರಲ್ಲಪ್ಪ. ಅಕ್ಕ ಕಲಿಸ್ತೀನಿ ಅಂದಿದ್ಲು...”

ಅವನು ಕಾಗದ ಬಿಡಿಸಿ ಓದಿದ. “‘ಹತ್ತಬೇಡ’ ಅಂತಿದೆ.”

“ಹೂಂ. ಹಿಂದೆ ಬಂದೋರೂ ಅದನ್ನೇ ಓದಿದ್ರು. ಓದಿ, ನಕ್ಕು, ಹತ್ತಿದ್ರು.” ಅಜ್ಜಿ ದಾರ ಪೋಣಿಸಿಕೊಂಡು ಮಿಷನ್ನಿನ ಚಕ್ರ ತಿರುಗಿಸಿದಳು. “ನೀನು ಕೂತಿದ್ದೀಯಲ್ಲ, ಆ ಮೂಟೇಲಿರೋದು ಅವರ ಅಂಗಿಗಳೇ.”