ಬದುಕಿದ್ದ ಮಗಳಿಗೆ ಹಾಸಿದ ಬಟ್ಟೆ

ದೆವ್ವದ ವಿಷಯದಲ್ಲಿ ಇಡೀ ಸಮೋವಾದಲ್ಲಿ ನನ್ನೆದುರು ನಿಲ್ಲೋ ಗಂಡಸು ಇನ್ನೂ ಹುಟ್ಟಿಲ್ಲ. ಆದರೆ ಇದು ನನ್ನ ಕತೆಯಲ್ಲ, ನನ್ನ ಚಿಕ್ಕಪ್ಪನ ಮಗ ಇಯೊಸೆಫೊನದು.

ಅವತ್ತು ರಾತ್ರಿ ಕೊನೇ ಬಸ್ಸಿಳಿದು ಊರಿನ ಆಲದ ಮರದ ಹತ್ತಿರ ಬಂದ. ಪಕ್ಕದಲ್ಲೇ ಬಾವಿ. ಮೂರು ದಿನದ ಹಿಂದೆ ಅವನ ಐದು ವರ್ಷದ ಮಗಳು ಪೆಪೆ ಬಿದ್ದದ್ದು ಅದಕ್ಕೇ. ಎತ್ತಿದಾಗ ಉಸಿರಿರಲಿಲ್ಲ. ಈಗ ಆಪಿಯಾದ ಆಸ್ಪತ್ರೆಯಲ್ಲಿ, ಐಸಿಯುನಲ್ಲಿ, ಅವಳ ಬದಲು ಯಂತ್ರ ಉಸಿರಾಡುತ್ತಿತ್ತು. ಹೆಂಡತಿ ಫಿಲಿ ಕಣ್ಣು ಮುಚ್ಚದೆ ಕೂತಿದ್ದಳು. "ಬೆಳಗ್ಗೆ ನೋಡೋಣ" ಅಂದಿದ್ದರು ಡಾಕ್ಟರು... ನೆಲ ನೋಡ್ತಾ.

ನಮ್ಮಲ್ಲೊಂದು ರೂಢಿ. ಯಾರಾದರೂ ಮನೆಯಾಚೆ ಸತ್ತರೆ, ಆ ಜಾಗದಲ್ಲಿ ಬಟ್ಟೆ ಹಾಸಿ ಕಾಯ್ತೀವಿ. ಹತ್ತಿದ ಹುಳವನ್ನ ಎರಡು ಸಲ ಕೊಡವಬೇಕು. ಮೂರನೇ ಸಲವೂ ಬಂದರೆ ಅದೇ ಸತ್ತವರ ಆತ್ಮ. ಗಂಟು ಕಟ್ಟಿ ತಂದು ಹೂಳ್ತೀವಿ.

ಇಯೊಸೆಫೊ ಬಟ್ಟೆ ಹಾಸಿದ. ಮಗಳ ಜೀವ ಇಲ್ಲೇ ಉಳಿದಿದೆ, ಹೊತ್ತೊಯ್ದು ಅವಳಿಗೇ ಕೊಡ್ತೀನಿ ಅಂತ ಅವನ ಲೆಕ್ಕ. ಪಾಪ, ತಲೆ ಕೆಟ್ಟಿತ್ತು.

ಚಿರ್ರ್... ಒಂದು ಮಿಡತೆ ಹತ್ತಿತು. ಕೊಡವಿದ. ಮತ್ತೆ ಬಂತು. ಕೊಡವಿದ. ಆಲದ ಬಿಳಲುಗಳ ಒಳಗಿಂದ ಸದ್ದು... ಹುಸ್ಸ್... ಟಕ್. ಹುಸ್ಸ್... ಟಕ್. ಆಸ್ಪತ್ರೆಯ ಯಂತ್ರದ್ದೇ ಸದ್ದು!

ಮೂರನೇ ಸಲ ಮಿಡತೆ ಹತ್ತಿತು. ಬಟ್ಟೆಯ ನಾಲ್ಕು ತುದಿ ಒಟ್ಟು ಹಿಡಿದ.

"ಕಟ್ಟಬೇಡ ಕಣೋ."

ಬಾವಿಕಟ್ಟೆ ಮೇಲೊಬ್ಬಳು ಮುದುಕಿ.

"ಹುಡುಗಿ ಸತ್ತಳೇನೋ?"

"ಇಲ್ಲ ಅಜ್ಜಿ..."

"ಮತ್ತೆ ಹೂಳೋ ಗಂಟು ಯಾಕೋ ಮಂಗ? ಕಟ್ಟಿದರೆ ಅಲ್ಲಿ ಉಸಿರು ನಿಲ್ಲುತ್ತೆ. ಬಿಡು ಅದನ್ನ!"

ತುದಿಗಳನ್ನ ಬಿಟ್ಟ. ಬಟ್ಟೆ ಬಿಚ್ಚಿಕೊಂಡಿತು. ಮಿಡತೆ ಹಾರಿತು.

"ನಾನು ಮುಂದೆ ಹೋಗಿರ್ತೀನಿ. ನೀನು ಬಾ" ಅಂದಳು. ತಿರುಗಿದರೆ... ಕಟ್ಟೆ ಖಾಲಿ.

ಮೀನಿನ ಗಾಡಿ ಹತ್ತಿ ಆಸ್ಪತ್ರೆಗೆ ಓಡಿದ. ಐಸಿಯು ಬಾಗಿಲಲ್ಲಿ ಎದೆ ಹಿಡಿದು ನಿಂತ. ಒಳಗೆ ಫಿಲಿ ಕುರ್ಚಿಯಲ್ಲೇ ಗೊರಕೆ ಹೊಡೀತಿದ್ದಳು. ಅಲುಗಿಸಿದ.

"ಶ್... ನಿಮ್ಮ ಕಡೆ ಅಜ್ಜಿ ಬಂದಿದ್ದರಲ್ಲ" ಅಂದಳು. "'ಮಲಗು ಮಗಳೇ, ಮಗೂನ ನಾನು ನೋಡ್ಕೋತೀನಿ' ಅಂದರು. ಪೆಪೆ ಕಾಲು ನೀವುತ್ತಾ ಕೂತರು."

"ಯಾರೂ ಬಂದಿಲ್ಲ ಕಣಮ್ಮಾ" ಅಂದಳು ನರ್ಸು. "ಬಾಗಿಲಲ್ಲೇ ಇದ್ದೀನಿ ನಾನು."

ಬೆಳಗ್ಗೆ ಪೆಪೆ ತಾನೇ ಕೆಮ್ಮಿದಳು. ಮೂರನೇ ದಿನ ಗಂಟಲ ಕೊಳವೆ ತೆಗೆದರು.

ನಗಬೇಡಿ. ಅವಳು ಕೆಮ್ಮಿದ ಆ ಬೆಳಗ್ಗೆ ಹಾಸಿಗೆ ಪಕ್ಕ ನಾನೇ ನಿಂತಿದ್ದೆ. ಆಕ್ಸಿಜನ್ ಇರೋ ಆ ಕೋಣೆಯೊಳಗೆ ಒಂದು ತೊಟ್ಟು ಎಣ್ಣೆಯನ್ನೂ ಬಿಡೋದಿಲ್ಲ. ಮಗುವಿನ ಎರಡೂ ಕಾಲು, ಮೊಣಕಾಲಿನವರೆಗೆ, ಕೊಬ್ಬರಿ ಎಣ್ಣೆಯಿಂದ ಹೊಳೀತಿದ್ದವು.